ಹೋಲ್ಡಾನಕ್ಕನ ಪೆನ್ನು-ಗಿನ್ನು

ಇಪ್ಪತ್ತೆರಡು ವರ್ಷ ಬಸ್ಸಿನ ಮೆಟ್ಟಿಲ ಮೇಲೆ ನಿಂತು ‘ಹೋಲ್ಡಾನ್’ ಎಂದು ಕೂಗಿದ ಗಂಟಲು ಮನೆಗೆ ಬಂದ ಮೇಲೂ ತಗ್ಗುವುದಿಲ್ಲ. ಅವಳು ಅಡುಗೆಮನೆಯಿಂದ ಉಪ್ಪಿನ ಡಬ್ಬಿ ಎಲ್ಲಿ ಎಂದು ಕೇಳಿದರೆ ಪಕ್ಕದ ಮನೆಯವರೂ ತಮ್ಮ ಉಪ್ಪಿನ ಡಬ್ಬಿ ಎಲ್ಲಿದೆ ಎಂದು ನೋಡಿಕೊಳ್ಳುತ್ತಿದ್ದರು. ಡಿಪೋದವರು ಇಟ್ಟ ಹೋಲ್ಡಾನಕ್ಕ ಎಂಬ ಹೆಸರು ಮೊದಲು ಪ್ರಯಾಣಿಕರ ಬಾಯಿಗೆ, ಆಮೇಲೆ ಬೀದಿಯವರ ಬಾಯಿಗೆ, ಕೊನೆಗೆ ಟೈಲರ್ ಗಂಡನ ಬಾಯಿಗೂ ಬಂತು. ಹೆತ್ತವರು ಇಟ್ಟ ಹೆಸರು ಕಾಗದಪತ್ರಗಳಲ್ಲಿ ಮಾತ್ರ ಉಳಿಯಿತು.

ಒಂದು ದಿನ ಕಂಡಕ್ಟರ್ ಇಲ್ಲದ ಬಸ್ಸುಗಳು ಬಂದವು. ಬಾಗಿಲ ಬಳಿ ಒಂದು ಯಂತ್ರ. ಅದರ ಮೂತಿಗೆ ಕಾರ್ಡು ತೋರಿಸಿದರೆ ಟುಂಯ್ ಎನ್ನುತ್ತದೆ. ಅಷ್ಟೇ ಕಂಡಕ್ಟರು. ಅದು ಮುದುಕಿಗೆ ಕೈಕೊಟ್ಟು ಹತ್ತಿಸುವುದಿಲ್ಲ, ಕುಡುಕನನ್ನು ಕತ್ತು ಹಿಡಿದು ಇಳಿಸುವುದಿಲ್ಲ. ಯೂನಿಯನ್ನಿನವರು ಡಿಪೋ ಗೇಟಿನ ಮುಂದೆ ನಲವತ್ತೊಂದು ದಿನ ಕೂತರು. ಘೋಷಣೆ ಕೂಗುವ ಕೆಲಸ ಯಾರೂ ಹೇಳದೆಯೇ ಹೋಲ್ಡಾನಕ್ಕನ ಪಾಲಿಗೆ ಬಂತು; ಮೈಕು ತರುವ ತಾಪತ್ರಯ ತಪ್ಪಿತು. ನಲವತ್ತೆರಡನೆಯ ದಿನ ರಾಜಿಯಾಯಿತು. ಅರ್ಧ ಗೆದ್ದರು, ಅರ್ಧ ಸೋತರು. ಪರಿಹಾರ ಸಿಕ್ಕಿತು, ಕೆಲಸ ಹೋಯಿತು. ಮರ್ಯಾದೆ ಉಳಿಯಿತು ಎಂದು ಮುಖಂಡರು ಭಾಷಣ ಮಾಡಿದರು. ಉಳಿದದ್ದು ನಿಜವೇ. ಆದರೆ ಮರ್ಯಾದೆಯನ್ನು ಒಲೆಯ ಮೇಲಿಟ್ಟರೆ ಬೇಯುವುದಿಲ್ಲ.

ನಲವತ್ತಾರನೆಯ ವಯಸ್ಸಿಗೆ ಮನೆಯಲ್ಲಿ ಕೂತು ಗಂಡ ಹೊಲಿದ ಅಂಗಿಗಳಿಗೆ ಗುಂಡಿ ಹಚ್ಚುವುದು ಅವಳಿಂದಾಗದ ಮಾತು. ಅವಳ ಹತ್ತಿರ ಇದ್ದ ಬಂಡವಾಳ ಎರಡೇ: ಒಂದು ಗಂಟಲು, ಇನ್ನೊಂದು ಇಂಗ್ಲಿಷು. ಬಿ.ಎ.ಯಲ್ಲಿ ಓದಿದ ಇಂಗ್ಲಿಷಿಗೆ ತುಕ್ಕು ಹಿಡಿಯದಂತೆ ಎಂಟು ವರ್ಷ ವಿಮಾನ ನಿಲ್ದಾಣದ ರೂಟಿನಲ್ಲಿ ದುಡಿದಿದ್ದಳು. ಲೋಕದಲ್ಲಿರುವ ಎಲ್ಲ ಬಗೆಯ ಇಂಗ್ಲಿಷೂ ಅವಳ ಬಸ್ಸು ಹತ್ತಿ ಇಳಿದಿತ್ತು. ಒಂದು ಬೆಳಿಗ್ಗೆ ಪೇಪರಿನಲ್ಲಿ ಜಾಹೀರಾತು ಕಂಡಳು: ನಾಲ್ಕು ತಿಂಗಳ ತರಬೇತಿ, ಇಂಗ್ಲಿಷ್ ಕಲಿಸಲು ಸರ್ಟಿಫಿಕೇಟು, ಹೊರದೇಶದಲ್ಲಿ ಕೆಲಸಕ್ಕೆ ಅವಕಾಶ.

“ಅತ್ತಿಗೆ, ಟೀಚರ್-ಗೀಚರ್ ಎಲ್ಲ ಆಗೋ ವಯಸ್ಸಾ ಇದು?” ಎಂದಳು ನಾದಿನಿ. ಗಂಡನ ತಂಗಿ, ಬೀದಿ ಮೂಲೆಯಲ್ಲಿ ಝೆರಾಕ್ಸ್ ಅಂಗಡಿ ಇಟ್ಟುಕೊಂಡವಳು. ನಾಲಿಗೆಯೂ ಆ ಯಂತ್ರದಂಥದೇ, ಒಂದು ಮಾತು ಸಿಕ್ಕರೆ ನೂರು ಪ್ರತಿ ತೆಗೆಯುತ್ತಿತ್ತು.

“ವಯಸ್ಸು ಕೇಳೋಕೆ ನಾನೇನು ಮದುವೆ ಹೆಣ್ಣೇನೇ?”

“ಮದುವೆ ಹೆಣ್ಣಾಗಿದ್ರೆ ಸುಳ್ಳು ಹೇಳಬಹುದಿತ್ತು. ಇಲ್ಲಿ ದಾಖಲೆ ಕೇಳ್ತಾರೆ.”

ಟೈಲರು ಹೊಲಿಗೆ ಯಂತ್ರದಿಂದ ತಲೆ ಎತ್ತಲಿಲ್ಲ. “ಓದ್ಲಿ ಬಿಡೇ. ಮನೇಲೇ ಕೂತ್ರೆ ಇವಳು ನನಗೆ ಟಿಕೆಟ್ ಕೊಡ್ತಾಳೆ.”

ಇಪ್ಪತ್ತರ ಹುಡುಗಿಯರ ನಡುವೆ ಕೂತು ಹೋಲ್ಡಾನಕ್ಕ ನಾಲ್ಕು ತಿಂಗಳು ಓದಿದಳು, ಪಾಸಾದಳು. ತರಬೇತಿಯ ಮೇಷ್ಟ್ರು ಅವಳ ವ್ಯಾಕರಣ ತಿದ್ದಿದರು, ಬೋರ್ಡಿನ ಮೇಲೆ ಅಕ್ಷರ ಇಳಿಜಾರಿಗೆ ಹೋಗುವುದನ್ನು ತಿದ್ದಿದರು, ದನಿ ತಗ್ಗಿಸಿ ತಾಯಿ ಎಂದು ಬೇಡಿಕೊಂಡರು. ಒಂದು ತಪ್ಪನ್ನು ಮಾತ್ರ ತಿದ್ದಲಿಲ್ಲ. ತಿದ್ದಬೇಕಾದರೆ ಅದು ಅವರ ಕಿವಿಗೆ ಬೀಳಬೇಕಲ್ಲ. ‘ಕ್ಲಾಸು-ಗೀಸು ಮುಗಿದ ಮೇಲೆ ಕಾಫಿ-ಗೀಫಿ ಕುಡಿಯೋಣ’ ಎನ್ನುತ್ತಿದ್ದ ಮನುಷ್ಯ ಅವರು. ಇಡೀ ಊರಿಗೇ ಇದ್ದ ಕಾಯಿಲೆಯನ್ನು ಯಾವ ವೈದ್ಯ ಕಾಯಿಲೆ ಎಂದಾನು?

ಆಮೇಲೆ ಶುರುವಾಯಿತು ಅರ್ಜಿ ಹಾಕುವ ಕೆಲಸ. ಕೆಣಕುವುದರಲ್ಲಿ ಹೇಗೋ ಹಾಗೆ ನೆರವಿನಲ್ಲೂ ನಾದಿನಿಯೇ ಮುಂದು. ಝೆರಾಕ್ಸ್ ಅಂಗಡಿಯ ಕಂಪ್ಯೂಟರಿನ ಮುಂದೆ ಇಬ್ಬರೂ ಒಂದೇ ಸ್ಟೂಲಿನಲ್ಲಿ ಅರ್ಧರ್ಧ ಕೂತು ದೇಶದೇಶಗಳ ಜಾಹೀರಾತು ಓದಿದರು. ಒಬ್ಬರಿಗೆ ಮೂವತ್ತೈದರ ಒಳಗಿನವರು ಬೇಕು. ಇನ್ನೊಬ್ಬರಿಗೆ ಮುಖದ ಫೋಟೋ ಮೊದಲು ಬೇಕು, ಸರ್ಟಿಫಿಕೇಟು ಆಮೇಲೆ. ಮುಕ್ಕಾಲುಪಾಲು ಜನಕ್ಕೆ ಮಾತೃಭಾಷೆಯೇ ಇಂಗ್ಲಿಷ್ ಆಗಿರುವವರು ಬೇಕು.

“ಹುಟ್ಟಿದ ಕೂಡಲೇ ಇಂಗ್ಲಿಷಲ್ಲಿ ಅತ್ತವರು ಬೇಕಂತೆ ಅತ್ತಿಗೆ.”

“ಬೇರೆ ಮಕ್ಕಳೆಲ್ಲ ಯಾವ ಭಾಷೇಲಿ ಅಳ್ತವಂತೆ? ಕೇಳಿ ಬರಿ ಅದನ್ನೂ.”

ನಾದಿನಿ ನಿಜವಾಗಿಯೂ ಬರೆದಳು. ಉತ್ತರ ಬರಲಿಲ್ಲ.

ಇಷ್ಟೆಲ್ಲ ಬೇಲಿ ದಾಟಿದರೆ ಕೊನೆಯಲ್ಲಿ ಒಂದು ಗೋಡೆ: ಕಲಿಸಿದ ಅನುಭವ ಇದೆಯೇ, ಪತ್ರ ತೋರಿಸಿ. ಅನುಭವ ಇಲ್ಲದೆ ಕೆಲಸವಿಲ್ಲ, ಕೆಲಸ ಇಲ್ಲದೆ ಅನುಭವವಿಲ್ಲ. ಮದುವೆಯಾಗದೆ ಹುಚ್ಚು ಬಿಡದು, ಹುಚ್ಚು ಬಿಡದೆ ಮದುವೆಯಾಗದು ಎಂದು ಹಿರಿಯರು ಹೇಳಿದ್ದು ಇಂಥವರನ್ನು ನೋಡಿಯೇ ಇರಬೇಕು. ಯಾರಾದರೂ ಒಬ್ಬರು, ಒಂದೇ ಒಂದು ಸಲ, ‘ಈಕೆ ನಮ್ಮಲ್ಲಿ ಕಲಿಸಿದ್ದಾಳೆ’ ಎಂದು ಒಂದು ಹಾಳೆ ಬರೆದುಕೊಟ್ಟರೆ ಉಳಿದ ಬಾಗಿಲುಗಳನ್ನು ತಾನೇ ತಟ್ಟುತ್ತೇನೆ ಎಂದು ಹೋಲ್ಡಾನಕ್ಕ ಹೇಳುತ್ತಿದ್ದಳು. ಅವಳು ತಟ್ಟಿದರೆ ಬಾಗಿಲು ಉಳಿಯುವುದು ಅನುಮಾನ ಎಂದು ನಾದಿನಿ ಹೇಳುತ್ತಿದ್ದಳು.

ಐವತ್ತಮೂರನೆಯ ಅರ್ಜಿಗೆ ಹೂಂ ಎಂದವರು ಸಮುದ್ರದ ಆಚೆಯ ಒಂದು ಬಂದರು ಊರಿನ ಸಣ್ಣ ಶಾಲೆಯವರು. ಅಲ್ಲಿನ ಟೀಚರು ಸೈಕಲ್ಲಿನಿಂದ ಬಿದ್ದು ಕಾಲು ಮುರಿದುಕೊಂಡಿದ್ದ. ಹತ್ತು ವಾರದ ಮಟ್ಟಿಗೆ ಬದಲಿ ಬೇಕಿತ್ತು. ಹೋಟೆಲು, ಅಂಗಡಿಗಳಲ್ಲಿ ದುಡಿಯುವವರಿಗೆ ಮಧ್ಯಾಹ್ನದ ತರಗತಿ. ಕಂಪ್ಯೂಟರಿನ ಪರದೆಯ ಮೇಲೆ ಅಲ್ಲಿನ ಪ್ರಿನ್ಸಿಪಾಲಳು ಕಾಣಿಸಿಕೊಂಡಳು. ಎತ್ತರದ ಹೆಂಗಸು, ಕೂದಲ ಗಂಟಿಗೆ ಸಿಕ್ಕಿಸಿದ ಪೆನ್ಸಿಲು, ಕಿವಿಯ ಮೇಲೆ ಹೆಡ್‌ಫೋನು.

“ನಮ್ಮ ತರಗತಿಯ ಕೆಳಗೆ ಲಾಂಡ್ರಿ ಇದೆ. ಯಂತ್ರಗಳ ಸದ್ದು ಜಾಸ್ತಿ,” ಎಂದಳಾಕೆ. “ಹಿಂದಿನ ಸಾಲಿಗೆ ಕೇಳಿಸೋ ಹಾಗೆ ಮಾತಾಡ್ತೀರಾ?”

“ಮಾತಾಡ್ತೀನಿ ಮೇಡಂ,” ಎಂದಳು ಹೋಲ್ಡಾನಕ್ಕ.

ಪ್ರಿನ್ಸಿಪಾಲಳು ಹೆಡ್‌ಫೋನು ತೆಗೆದು ಮೇಜಿನ ಮೇಲಿಟ್ಟಳು. ಆಮೇಲೆ ಇಡೀ ಸಂದರ್ಶನವನ್ನು ಅದಿಲ್ಲದೆಯೇ ಮುಗಿಸಿದಳು. ಷರತ್ತು ಒಂದೇ. ಮೊದಲ ವಾರ ಪರೀಕ್ಷೆಯ ವಾರ. ಶುಕ್ರವಾರ ತಾನೇ ತರಗತಿಯಲ್ಲಿ ಬಂದು ಕೂರುತ್ತಾಳೆ. ಒಪ್ಪಿಗೆಯಾದರೆ ಉಳಿದ ಒಂಬತ್ತು ವಾರ, ಕೊನೆಗೆ ಅನುಭವದ ಪತ್ರ. ಇಲ್ಲವಾದರೆ ಭಾನುವಾರದ ವಿಮಾನ.

ಟೈಲರು ಹೆಂಡತಿಗೆ ಒಂದು ಕೋಟು ಹೊಲಿದುಕೊಟ್ಟ. ಅದಕ್ಕೆ ಎಂಟು ಜೇಬು. “ಟಿಕೆಟ್ ಬ್ಯಾಗಿಲ್ದೆ ನಿನಗೆ ಕೈ ಎಲ್ಲಿಡಬೇಕು ಅಂತ ಗೊತ್ತಾಗಲ್ಲ. ಹೋಗಿ ಎಲ್ಲಾದ್ರೂ ಇಡು,” ಎಂದ. ವಿಮಾನ ನಿಲ್ದಾಣಕ್ಕೆ ಅವಳು ಹೋದದ್ದು ತನ್ನದೇ ಹಳೆಯ ರೂಟಿನ ಬಸ್ಸಿನಲ್ಲಿ. ಯಂತ್ರ ಟುಂಯ್ ಎಂದಿತು. ಅದನ್ನು ನೋಡದವಳಂತೆ ಒಳಗೆ ಹೋಗಿ ಕಿಟಕಿ ಪಕ್ಕ ಕೂತಳು. ಎಂಟು ವರ್ಷ ದುಡಿದ ಆ ರೂಟಿನಲ್ಲಿ ಪ್ರಯಾಣಿಕಳಾಗಿ ಕೂತದ್ದು ಅದೇ ಮೊದಲು.

ಹೊಸ ಊರಿನ ಶಾಲೆಯೆಂದರೆ ಮೂರಂತಸ್ತಿನ ಒಂದು ಹಳೆಯ ಕಟ್ಟಡ. ನೆಲದ ಅಂತಸ್ತಿನಲ್ಲಿ ಲಾಂಡ್ರಿ, ಅದರ ಮೇಲೆ ತರಗತಿ, ಅದರ ಮೇಲೆ ಅವಳ ಕೋಣೆ. ಲಾಂಡ್ರಿ ಯಂತ್ರಗಳು ತಿರುಗಿದರೆ ಮೇಜಿನ ಮೇಲಿನ ಸೀಮೆಸುಣ್ಣ ತಾನಾಗಿ ನಡೆದು ಅಂಚಿಗೆ ಬರುತ್ತಿತ್ತು. ಬಸ್ಸಿನ ಇಂಜಿನ್ನಿನ ನಡುಕಕ್ಕೆ ಒಗ್ಗಿದ ಕಾಲುಗಳು ಅವಳವು. ಅಲ್ಲಿ ನಿಂತ ಕೂಡಲೇ ಮನೆಗೆ ಬಂದಂತಾಯಿತು. ಕಲಿಯುವವರು ಹನ್ನೊಂದು ಜನ. ಮುಂದಿನ ಸಾಲಿನಲ್ಲಿ ಕೂರುವವಳು ಲಾಂಡ್ರಿಯ ಒಡತಿ. ಬಟ್ಟೆ ಹಿಂಡಿ ಹಿಂಡಿ ತೋಳು ಮರದ ಕೊಂಬೆಯಂತಾದವಳು. ಅವಳ ಪಕ್ಕ ಎಲ್ಲದಕ್ಕೂ ನಗುವ ಕ್ಷೌರದವನು. ಕಿಟಕಿ ಬಳಿ ದೊಡ್ಡ ಹೋಟೆಲಿನಲ್ಲಿ ಲಿಫ್ಟು ನಡೆಸುವ ತಾತ. ಎಪ್ಪತ್ತರ ಹತ್ತಿರದವನು, ಟೀಚರು ಕೆಮ್ಮಿದರೂ ನೋಟ್‌ಬುಕ್ಕಿನಲ್ಲಿ ಬರೆದುಕೊಳ್ಳುವಷ್ಟು ಶ್ರದ್ಧೆ.

ಮೊದಲ ದಿನವೇ ಹೋಲ್ಡಾನಕ್ಕ ಕುರ್ಚಿಗಳನ್ನು ಎರಡೆರಡಾಗಿ ಜೋಡಿಸಿ ನಡುವೆ ಓಣಿ ಬಿಟ್ಟಳು. ತರಗತಿ ಬಸ್ಸಾಯಿತು. ಹತ್ತುವವರು ಎಲ್ಲಿಗೆ ಹೋಗಬೇಕು, ಯಾಕೆ ಹೋಗಬೇಕು ಎಂದು ಇಂಗ್ಲಿಷಿನಲ್ಲಿ ಹೇಳಬೇಕು. ಹೇಳದಿದ್ದರೆ ಬಾಗಿಲಲ್ಲೇ ನಿಲ್ಲಬೇಕು. ‘ರೈಟ್’ ಎಂದರೆ ಎಲ್ಲರೂ ಪಕ್ಕದವರ ಜೊತೆ ಮಾತು ಶುರು, ‘ಹೋಲ್ಡಾನ್’ ಎಂದರೆ ಬಾಯಿ ಬಂದ್. ಕಾಲು ಮುರಿದ ಟೀಚರು ಒಂದು ವರ್ಷ ಕ್ರಿಯಾಪದಗಳ ಪಟ್ಟಿ ಬರೆಸಿದ್ದನಂತೆ. ಪಟ್ಟಿ ಎಲ್ಲರಿಗೂ ಬಾಯಿಪಾಠವಿತ್ತು, ಮಾತು ಯಾರಿಗೂ ಬರುತ್ತಿರಲಿಲ್ಲ. ಈಗ ಮಂಗಳವಾರದ ಹೊತ್ತಿಗೆ ಕ್ಷೌರದವನು ಲಾಂಡ್ರಿಯವಳ ಜೊತೆ ಸೀಟಿಗಾಗಿ ಇಂಗ್ಲಿಷಿನಲ್ಲಿ ಜಗಳವಾಡಿದ. ಬುಧವಾರ ಲಾಂಡ್ರಿಯವಳು ಗೆದ್ದಳು.

ಜೊತೆಗೆ ಇನ್ನೊಂದು ಸಂಗತಿಯೂ ನಡೆಯುತ್ತಿತ್ತು. “ಟೀ-ಗೀ ಕುಡಿದು ಬಂದಿರಾ?” ಎಂದು ಅವಳು ಇಂಗ್ಲಿಷಿನಲ್ಲಿ ಕೇಳುವಳು. “ಟೀ-ಗೀ ಕುಡಿದೆವು,” ಎಂದು ಅವರು ಅದೇ ಇಂಗ್ಲಿಷಿನಲ್ಲಿ ಹೇಳುವರು. ಬ್ಯಾಗು-ಗೀಗು ಕೆಳಗಿಡಿ ಎನ್ನುವಳು, ಇಡುವರು. ಲಾಂಡ್ರಿಯವಳು ಸೋಪು-ಗೀಪು ಖರ್ಚಾಯಿತು ಎಂದು ಒಂದು ಪೂರ್ತಿ ವಾಕ್ಯ ಹೇಳಿದಾಗ ಹೋಲ್ಡಾನಕ್ಕ ಚಪ್ಪಾಳೆ ತಟ್ಟಿದಳು. ಅವಳ ಕಿವಿಗೆ ಅದರಲ್ಲಿ ಕೊರತೆಯೇ ಕೇಳಿಸಲಿಲ್ಲ. ಹುಟ್ಟಿದಾಗಿನಿಂದ ಕೇಳಿದ ಮಾತಿನ ಲಯ ಅದು. ಪರದೇಶದವರ ಬಾಯಲ್ಲಿ ಬಂದಾಗ, ಎಷ್ಟು ಬೇಗ ಕಲಿತರಪ್ಪ ಎಂದು ಹೆಮ್ಮೆಯಾಯಿತು.

ದಿನಾ ತರಗತಿ ಮುಗಿದ ಮೇಲೆ ನಾದಿನಿಯ ಫೋನು. “ಅತ್ತಿಗೆ, ಕೆಲ್ಸ-ಗಿಲ್ಸ ಗ್ಯಾರಂಟಿ ಆಯ್ತಾ?”

“ಶುಕ್ರವಾರ ಗೊತ್ತಾಗುತ್ತೆ ಅಂತ ಎಷ್ಟು ಸಲ ಹೇಳ್ಲೇ?”

“ಅಣ್ಣ ಕೇಳು ಅಂದ. ಅವನು ಕೇಳಲ್ಲ, ನನ್ನ ಕೈಲಿ ಕೇಳಿಸ್ತಾನೆ. ಊಟಕ್ಕೆ ಕೂತ್ರೆ ಮನೇಲಿ ಸದ್ದೇ ಇಲ್ಲ ಅಂತ ರೇಡಿಯೋ ಹಾಕ್ಕೊಂಡಿದ್ದಾನೆ.”

ಗುರುವಾರ ತರಗತಿ ಮುಗಿಯುವಾಗ ಕೆಳಗೆ ಎಲ್ಲ ಯಂತ್ರಗಳೂ ಒಟ್ಟಿಗೆ ತಿರುಗುತ್ತಿದ್ದವು. ಎದ್ದು ಹೊರಟವರ ಬೆನ್ನಿಗೆ ಹೋಲ್ಡಾನಕ್ಕ ಕೂಗಿ ಹೇಳಿದಳು: ನಾಳೆ ಪ್ರಿನ್ಸಿಪಾಲ್ ಬರುತ್ತಾರೆ, ಸಣ್ಣ ಪರೀಕ್ಷೆ ಇದೆ, ಎಲ್ಲರೂ ಪೆನ್-ಗಿನ್ ತನ್ನಿ. ಲಿಫ್ಟಿನ ತಾತ ಬಾಗಿಲಲ್ಲೇ ನಿಂತು ಕೇಳಿದಂತೆಯೇ ಅಕ್ಷರ ಅಕ್ಷರವಾಗಿ ಬರೆದುಕೊಂಡ.

ಶುಕ್ರವಾರ ಪ್ರಿನ್ಸಿಪಾಲಳು ಹಿಂದಿನ ಸಾಲಿನಲ್ಲಿ ಫೈಲು ಹಿಡಿದು ಕೂತಳು. ಕೂದಲಿನಿಂದ ಪೆನ್ಸಿಲು ತೆಗೆದಳು. ಮೊದಲ ಅರ್ಧ ಗಂಟೆ ಬಸ್ಸು ಚೆನ್ನಾಗಿಯೇ ಓಡಿತು. ಹತ್ತಿದರು, ಇಳಿದರು, ಜಗಳವಾಡಿದರು. ಪ್ರಿನ್ಸಿಪಾಲಳ ಪೆನ್ಸಿಲು ಎರಡು ಸಲ ಬರೆಯಿತು, ಒಂದು ಸಲ ನಕ್ಕಂತೆಯೂ ಕಂಡಿತು. ಹೋಲ್ಡಾನಕ್ಕ ಕೋಟಿನ ಎಂಟು ಜೇಬಿನಲ್ಲಿ ಮೂರನ್ನು ತಡಕಿ ಪ್ರಶ್ನೆಯ ಹಾಳೆ ತೆಗೆದಳು. “ಪರೀಕ್ಷೆ. ಎಲ್ಲರೂ ತೆಗೀರಿ,” ಎಂದಳು.

ಒಂಬತ್ತು ಜನ ಪೆನ್ನು ತೆಗೆದರು. ಲಾಂಡ್ರಿಯವಳು ಚೀಲದಿಂದ ಕಪ್ಪು ಬಿಳಿ ಬಟ್ಟೆಯ ಒಂದು ಪೆಂಗ್ವಿನ್ ಬೊಂಬೆ ತೆಗೆದು ಮೇಜಿನ ಮೇಲೆ ಕೂರಿಸಿದಳು. ಮೊಮ್ಮಗಳದ್ದು, ತೊಳೆದು ಒಣಗಿಸಿ ತಂದಿದ್ದಳು. ಲಿಫ್ಟಿನ ತಾತ ಮೊದಲು ಪೆನ್ನು ಇಟ್ಟ. ಆಮೇಲೆ ಪೇಪರಿನಲ್ಲಿ ಸುತ್ತಿದ್ದ ಒಂದು ಬಾಟಲಿ ಬಿಚ್ಚಿ ಪೆನ್ನಿನ ಪಕ್ಕ ನಿಲ್ಲಿಸಿದ. ಅದರ ಮೇಲೆ ದಪ್ಪ ಅಕ್ಷರದಲ್ಲಿ ಜಿನ್ ಎಂದು ಬರೆದಿತ್ತು.

ಕೆಳಗೆ ಯಂತ್ರ ನಿಂತಿತು. ಅದಕ್ಕೂ ಇದೇ ಹೊತ್ತು ಬೇಕಿತ್ತು.

“ತರಗತಿಯಲ್ಲಿ ಮದ್ಯ ಯಾಕಿದೆ?” ಎಂದು ಪ್ರಿನ್ಸಿಪಾಲಳು ಎದ್ದು ಬಂದಳು.

“ಟೀಚರ್ ಹೇಳಿದ್ದಾರೆ,” ಎಂದ ತಾತ. ನೋಟ್‌ಬುಕ್ಕು ತೆರೆದು ತಾರೀಖಿನ ಸಮೇತ ತೋರಿಸಿದ. ಪಿ-ಇ-ಎನ್ ಪೆನ್. ಜಿ-ಐ-ಎನ್ ಜಿನ್. ಡಿಕ್ಷನರಿಯಲ್ಲಿ ನೋಡಿಯೇ ತಂದಿದ್ದ. “ನಾನು ಕುಡಿಯೋನಲ್ಲ. ಪರೀಕ್ಷೆಗೆ ಎಷ್ಟು ಕುಡಿಯಬೇಕು, ಅದನ್ನ ಹೇಳಿಲ್ಲ.”

“ನನಗೆ ಪೆಂಗ್ವಿನ್ ಅಂತ ಕೇಳಿಸ್ತು,” ಎಂದಳು ಲಾಂಡ್ರಿಯವಳು.

ಪ್ರಿನ್ಸಿಪಾಲಳು ತಾತನ ನೋಟ್‌ಬುಕ್ಕಿನ ಹಿಂದಿನ ಹಾಳೆಗಳನ್ನು ಮಗುಚಿದಳು. ಉಳಿದವರ ನೋಟ್‌ಬುಕ್ಕುಗಳನ್ನೂ ಒಂದೊಂದಾಗಿ ತೆಗೆದು ನೋಡಿದಳು. ಟೀ-ಗೀ. ಬ್ಯಾಗು-ಗೀಗು. ಸೋಪು-ಗೀಪು. ಐದು ದಿನಗಳಲ್ಲಿ ತನ್ನ ಬಾಯಿ ಉದುರಿಸಿದ್ದನ್ನು ಹೋಲ್ಡಾನಕ್ಕ ಹನ್ನೊಂದು ಜನರ ಕೈಬರಹದಲ್ಲಿ ಓದಿದಳು. ನಲವತ್ತಾರು ವರ್ಷ ಕೇಳಿಸದೇ ಇದ್ದದ್ದು ಒಂದೇ ಸಲಕ್ಕೆ ಕೇಳಿಸಿತು.

“ಇದು ಏನು?” ಎಂದಳು ಪ್ರಿನ್ಸಿಪಾಲಳು.

ಮುದುಕನಿಗೆ ಕಿವಿ ಮಂದ, ಯಂತ್ರದ ಸದ್ದಿನಲ್ಲಿ ತಪ್ಪು ಕೇಳಿಸಿಕೊಂಡಿದ್ದಾನೆ ಎಂದರೆ ಮುಗಿಯುತ್ತಿತ್ತು. ಬಾಟಲಿಯ ತಪ್ಪೂ ತಾತನ ತಲೆಗೇ ಹೋಗುತ್ತಿತ್ತು. ನಾಲಿಗೆಯ ತುದಿಗೆ ಬಂದಿತ್ತು ಕೂಡ. ಆದರೆ ಅಂಥವರನ್ನು ಅವಳು ಕಂಡಿದ್ದಳು. ತಪ್ಪು ಬೋರ್ಡು ಹಾಕಿಕೊಂಡು ಬಸ್ಸು ಹೊರಡಿಸಿ, ಕಣ್ಣು ಕಾಣಲ್ವಾ ಎಂದು ಪ್ರಯಾಣಿಕನನ್ನೇ ಬೈಯುವ ಕಂಡಕ್ಟರುಗಳು. ಅಂಥವರ ಜೊತೆ ಒಂದೇ ಬೆಂಚಿನಲ್ಲಿ ಊಟಕ್ಕೂ ಕೂರುತ್ತಿರಲಿಲ್ಲ ಅವಳು.

“ಹೋಲ್ಡಾನ್,” ಎಂದಳು. ಪ್ರಿನ್ಸಿಪಾಲಳ ಬಾಯಿಯೂ ಮುಚ್ಚಿತು. “ತಾತ ಸರಿಯಾಗೇ ಹತ್ತಿದ್ದಾರೆ. ಬೋರ್ಡು ತಪ್ಪು ಹಾಕಿದ್ದು ನಾನು.”

ಸೀಮೆಸುಣ್ಣ ತೆಗೆದುಕೊಂಡು ಬೋರ್ಡಿನ ನಡುವೆ ಗೆರೆ ಎಳೆದಳು. ಒಂದು ಕಡೆ ಟೀ-ಗೀ ಬರೆದಳು. ಇದು ಇಂಗ್ಲಿಷಲ್ಲ, ನನ್ನ ತಾಯಿಯ ಮಾತಿನ ಚಾಳಿ ಎಂದಳು. ನಮ್ಮಲ್ಲಿ ಯಾವುದೂ ಒಂಟಿಯಾಗಿ ಬರುವುದಿಲ್ಲ. ಟೀ ಎಂದರೆ ಟೀ ಮಾತ್ರ. ಟೀ-ಗೀ ಎಂದರೆ ಟೀ, ಅದರ ಜೊತೆ ಕಚ್ಚಲು ಏನಾದರೂ, ಕೂರಲು ಜಾಗ, ಹತ್ತು ನಿಮಿಷ ಹರಟೆ, ಎಲ್ಲ ಸೇರಿ. ಗೆರೆಯ ಈ ಕಡೆ ‘ಟೀ ಆ್ಯಂಡ್ ಥಿಂಗ್ಸ್’ ಎಂದು ಬರೆದಳು. ಇಂಗ್ಲಿಷಿನವರು ಹೀಗೆ ಹೇಳುತ್ತಾರೆ. ಐದು ದಿನ ನಾನು ನಿಮಗೆ ತಪ್ಪು ಕಲಿಸಿದ್ದೇನೆ. ಈಗ ಅದನ್ನೆಲ್ಲ ನಿಮ್ಮ ನೋಟ್‌ಬುಕ್ಕಿನಿಂದ ಇಳಿಸಬೇಕು.

“ಇಷ್ಟು ಉದ್ದ ಯಾಕೆ?” ಎಂದ ತಾತ, ಬರೆದುಕೊಳ್ಳುತ್ತಾ. “ನಿಮ್ಮದೇ ಚಿಕ್ಕದು.”

“ನಮ್ಮ ಮಾತಿನಲ್ಲೂ ಇದೆ,” ಎಂದಳು ಲಾಂಡ್ರಿಯವಳು. “ಆದರೆ ಗೀ ಅಲ್ಲ, ಮೀ. ಟೀ-ಮೀ.”

“ಅದು ಮುದುಕಿಯರ ಮಾತು,” ಎಂದು ಕ್ಷೌರದವನು ನಕ್ಕ. “ಈಗ ಯಾರೂ ಹಾಗೆ ಹೇಳೋದಿಲ್ಲ.”

“ನಿನ್ನ ಹೆಂಡತಿ ನಿನ್ನೆ ನನ್ನ ಅಂಗಡಿಗೆ ಬಂದು ಅಂಗಿ-ಮಂಗಿ ಕೊಟ್ಟು ಹೋದಳು. ಅವಳು ಮುದುಕಿಯಾ? ಹೋಗಿ ಹೇಳಲಾ?”

ಹತ್ತಿಕೊಂಡಿತು. ಹನ್ನೊಂದು ಜನವೂ ಬಾಯಿ ಹಾಕಿದರು. ಒಬ್ಬ ತನ್ನ ಅಜ್ಜಿಯ ಊರಿನ ಮಾತು ತಂದ, ಇನ್ನೊಬ್ಬಳು ಅದು ಹಾಗಲ್ಲ ಎಂದಳು. ಎಲ್ಲವೂ ಇಂಗ್ಲಿಷಿನಲ್ಲೇ, ಕುಂಟು ಇಂಗ್ಲಿಷು, ಆದರೆ ಓಡುವ ಕುಂಟು. ಪರೀಕ್ಷೆಯ ಹಾಳೆ ಜೇಬಿಗೇ ಮರಳಿತು. ಯಾರಾದರೂ ತಪ್ಪಿದರೆ ಅಲ್ಲಿ ‘ಹೋಲ್ಡಾನ್’, ಸರಿ ಮಾಡಿದರೆ ‘ರೈಟ್’. ಇಪ್ಪತ್ತೈದು ನಿಮಿಷ ಹೀಗೆ ಹೋಯಿತು. ಪೆಂಗ್ವಿನ್ನು ಬಾಟಲಿಗೆ ಒರಗಿಕೊಂಡು ಎಲ್ಲವನ್ನೂ ಕೇಳಿಸಿಕೊಂಡಿತು.

ಹೊತ್ತು ಮುಗಿದಾಗ ಪ್ರಿನ್ಸಿಪಾಲಳು ಫೈಲಿನಿಂದ ಒಂದು ಹಾಳೆ ತೆಗೆದಳು. “ಸೋಮವಾರದಿಂದ ಬರೋದಕ್ಕೆ ಬೇರೆ ಟೀಚರ್ ಒಬ್ಬರು ತಯಾರಿದ್ದಾರೆ. ಮಾತೃಭಾಷೆ ಇಂಗ್ಲಿಷ್. ದುಡ್ಡು ಕೊಟ್ಟು ಕಲಿಯೋರು ನೀವು. ನೀವೇ ಹೇಳಿ.”

ಹೋಲ್ಡಾನಕ್ಕ ಎರಡೂ ಕೈಗಳನ್ನು ಜೇಬಿಗೆ ಹಾಕಿಕೊಂಡು ಕಿಟಕಿಯ ಕಡೆ ನೋಡುತ್ತಾ ನಿಂತಳು. ಭಾನುವಾರದ ವಿಮಾನ ಎಷ್ಟು ಗಂಟೆಗೆ ಎಂಬುದು ಅವಳಿಗೆ ಗೊತ್ತಿತ್ತು. ಆ ಒಂದು ಹಾಳೆ ಇಲ್ಲದೆ ಊರಿಗೆ ಹೋದರೆ ಐವತ್ತನಾಲ್ಕನೆಯ ಅರ್ಜಿ ಬರೆಯುವ ಉಮೇದು ನಾದಿನಿಗಿದ್ದರೂ ತನಗಿರುವುದಿಲ್ಲ ಎಂಬುದೂ ಗೊತ್ತಿತ್ತು.

ಲಿಫ್ಟಿನ ತಾತ ಎದ್ದು ನಿಂತ. “ಟೀಚರ್-ಗೀಚರ್ ಬೇಡ,” ಎಂದ. “ಈ ಟೀಚರ್.”

“ಅದು ಇಂಗ್ಲಿಷಲ್ಲ ಅಂತ ಈಗ ತಾನೇ ಹೇಳಿಕೊಟ್ಟರಲ್ಲ,” ಎಂದಳು ಪ್ರಿನ್ಸಿಪಾಲಳು.

“ಗೊತ್ತು. ಬೇಕಂತಲೇ ಅಂದೆ.”

ತರಗತಿ ನಕ್ಕಿತು. ಪ್ರಿನ್ಸಿಪಾಲಳು ನಗಲಿಲ್ಲ. ಪೆನ್ಸಿಲನ್ನು ಕೂದಲಿಗೆ ಸಿಕ್ಕಿಸಿಕೊಂಡು ಹೋಲ್ಡಾನಕ್ಕನನ್ನು ಬಾಗಿಲ ಹೊರಗೆ ಕರೆದಳು. “ಹಿಂದಿನ ಟೀಚರ್ ಒಂದು ವರ್ಷ ಸರಿಯಾದ್ದನ್ನ ಕಲಿಸಿದ, ಏನೂ ನಿಲ್ಲಲಿಲ್ಲ. ನೀವು ಒಂದು ವಾರ ತಪ್ಪು ಕಲಿಸಿದ್ದೀರಿ, ಗೋಡೆಗೆ ಮೊಳೆ ಹೊಡೆದ ಹಾಗೆ ನಿಂತಿದೆ. ಇನ್ನು ಸರಿಯಾದ್ದು ಕಲಿಸಿ. ಒಂಬತ್ತು ವಾರ ಇರಿ. ಒಂದೇ ಷರತ್ತು. ನಿಮ್ಮ ಬಾಯಿಂದ ಗೀ ಅಂತ ಬಂದರೆ ಅವರು ನಿಮಗೆ ಹೋಲ್ಡಾನ್ ಅನ್ನಬೇಕು.”

“ಪತ್ರ ಮೇಡಂ?”

“ಕೊನೆಯ ದಿನ ಬರೆದುಕೊಡ್ತೀನಿ. ಜಿನ್ನಿನ ವಿಷಯ ಅದರಲ್ಲಿ ಬರೆಯೋದಿಲ್ಲ.” ಒಳಗೆ ಹೋಗಿ ಬಾಟಲಿ ಎತ್ತಿಕೊಂಡಳು. “ಇದು ಶಾಲೆಯ ಆಸ್ತಿ. ನನ್ನ ಕಪಾಟಿನಲ್ಲಿರಲಿ.”

ತಾತ ಅದನ್ನೂ ಬರೆದುಕೊಂಡ.

ಹೋಲ್ಡಾನಕ್ಕ ಲಾಂಡ್ರಿಯ ಬಾಗಿಲಿಗೆ ಇಳಿದು ಬರುವಷ್ಟರಲ್ಲಿ ಫೋನು ಹೊಡೆದುಕೊಂಡಿತು. ಬಿಸಿಲು ಇನ್ನೂ ರಸ್ತೆಯ ಮೇಲಿತ್ತು. ಒಗೆದ ಹಾಸುಬಟ್ಟೆಗಳ ಗಾಡಿಯನ್ನು ತಳ್ಳಿಕೊಂಡು ಲಾಂಡ್ರಿಯವಳು ಪಕ್ಕದಲ್ಲೇ ಹೋದಳು, ಪೆಂಗ್ವಿನ್ನು ಗಾಡಿಯ ಮೇಲೆ ಕೂತಿತ್ತು. ಆ ಕಡೆಯಿಂದ ನಾದಿನಿಯ ದನಿ. ಅದರ ಹಿಂದೆ ಹೊಲಿಗೆ ಯಂತ್ರದ ಸದ್ದು ಬರುತ್ತಿತ್ತು, ಥಟ್ಟನೆ ನಿಂತಿತು.

“ಅತ್ತಿಗೆ, ಶುಕ್ರವಾರ ಆಯ್ತಲ್ಲ. ಕೆಲ್ಸ-ಗಿಲ್ಸ ಸಿಕ್ತಾ?”

“ಕೆಲ್ಸ ಸಿಕ್ತು ಕಣೇ,” ಎಂದಳು ಹೋಲ್ಡಾನಕ್ಕ. “ಗಿಲ್ಸ ಕಿತ್ಕೊಂಡ್ರು.”